ರಫೀಕ್ ದುಡಿದ ವರ್ಷ

ಕಳೆದ ಭಾನುವಾರ ಆಕ್ಲೆಂಡಿನ ಏವನ್‌ಡೇಲ್ ಸಂತೆಯಲ್ಲಿ ಮೆಂತ್ಯಸೊಪ್ಪು ಆರಿಸುತ್ತಿದ್ದಾಗ ಎಲ್ಲಿಂದಲೋ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂತು. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಹಳೇ ಕೈಮಷಿನ್ನೊಂದನ್ನು ಟಾರ್ಪಾಲಿನ ಮೇಲಿಟ್ಟುಕೊಂಡು ಅದರ ತೂತುಗಳಿಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಿದ್ದ. ಕಾರಿನ ಎಣ್ಣೆಯಂಥ ಗಾಢ ವಾಸನೆಯಲ್ಲ ಅದು. ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಮೂಗಿನೊಳಗೆ ಹೋಗಿ ನಿಂತುಬಿಡುತ್ತದೆ. ಈ ಊರಿಗೆ ಬಂದ ಮೇಲೆ ಕ್ರೈಸ್ಟ್‌ಚರ್ಚ್ ನನಗೆ ನೆನಪಾಗುವುದೇ ಕಡಿಮೆಯಾಗಿತ್ತು. ಸೊಪ್ಪಿನ ಕಟ್ಟು ಕೈಯಲ್ಲಿರುವಂತೆಯೇ ಅಲ್ಲಿನ ಹಾರ್ನ್‌ಬಿ ಬಡಾವಣೆಯ ಆ ಗ್ಯಾರೇಜು, ಆ ಚಳಿಗಾಲ, ಮುಬೀನಾಳ ಮುಖ ಎಲ್ಲ ಎದುರಿಗೆ ಬಂದವು. ಮಾರುವವಳು ಎರಡು ಸಲ ಕೇಳಿದ ಮೇಲೆ ನಾನು ದುಡ್ಡು ಕೊಟ್ಟೆ.

ರಫೀಕ್ ನನ್ನ ಸಹಪಾಠಿ. ನಾನು ಮೈಸೂರಿನಿಂದ, ಅವನು ಗದಗಿನಿಂದ ಒಂದೇ ವರ್ಷ ಡನೀಡಿನ್‌ಗೆ ಓದಲು ಬಂದವರು. ಫ್ಲ್ಯಾಟಿನಲ್ಲಿ ಹೀಟರ್ ಹಾಕಲು ಕಾಸಿಲ್ಲದ ದಿನಗಳಲ್ಲಿ ಲೈಬ್ರರಿಯ ಬೆಚ್ಚನೆಯ ಮೂಲೆಗಾಗಿ ಜಗಳವಾಡಿ ಸ್ನೇಹಿತರಾದೆವು. ಓದು ಮುಗಿದ ಮೇಲೆ ನನಗೆ ಕ್ರೈಸ್ಟ್‌ಚರ್ಚಿನ ಒಂದು ಹಾಲಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅವನಿಗೆ ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ಊರಿಗೆ ಹೋಗಿ ಮುಬೀನಾಳನ್ನು ಮದುವೆಯಾಗಿ ಬಂದ. ಗದಗಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ. ನನ್ನನ್ನು ನೋಡಿದ ಮೊದಲ ದಿನವೇ "ಶೈಲಕ್ಕಾ" ಎಂದಳು. ಅಂದಿನಿಂದ ನಾನು ಆ ಮನೆಯವಳಾದೆ. ಮಗಳು ಜೋಯಾ ಹುಟ್ಟಿದಾಗ ಬಾಣಂತಿಗೆ ಬಿಸಿನೀರು ಕಾಯಿಸಿಕೊಟ್ಟವಳೂ ನಾನೇ.

ರಫೀಕನ ಅಪ್ಪ ಗದಗಿನಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದವರು. ಮಗ ಎಂಜಿನಿಯರಿಂಗ್ ಓದಿದರೂ ಕೈಗೆ ಆ ಕೆಲಸ ಅಂಟಿಕೊಂಡಿತ್ತು. ಇಲ್ಲಿ ಮುದುಕಿಯರು ತೀರಿಕೊಂಡಾಗ ಮಕ್ಕಳು ಮನೆ ಖಾಲಿ ಮಾಡುತ್ತಾರಲ್ಲ, ಆಗ ಹೊರಗೆ ಬರುವ ಹಳೇ ಮಷಿನ್‌ಗಳನ್ನು ತಂದು, ತುಕ್ಕು ತೆಗೆದು, ಓಡುವಂತೆ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದ. ಮೊದಮೊದಲು ಶನಿವಾರದ ಹವ್ಯಾಸ. ಕೌದಿಯಂಥ ಹೊದಿಕೆ ಹೊಲಿಯುವ ಹೆಂಗಸರು ಇಲ್ಲಿ ಬಹಳ. ಅವರಿಗೆ ಹೊಸ ಪ್ಲಾಸ್ಟಿಕ್ ಮಷಿನ್‌ಗಿಂತ ಈ ಕಬ್ಬಿಣದ್ದೇ ಬೇಕು. ಬೇಡಿಕೆ ಹೆಚ್ಚಿತು. ಇಲ್ಲೇ ನೆಲೆಸಲು ಅನುಮತಿ ಕೊಡುವ ರೆಸಿಡೆನ್ಸಿ ಕೈಗೆ ಬಂದ ಮೇಲೆ, ಹೊಸ ತೆರಿಗೆ ವರ್ಷ ಶುರುವಾಗುವ ಏಪ್ರಿಲ್ ತಿಂಗಳಲ್ಲಿ, ಗೋದಾಮಿನ ಕೆಲಸ ಬಿಟ್ಟ.

"ಸಂಬಳ ಬಿಟ್ಟು ಇದನ್ನ ನಂಬ್ಕೋತೀಯಾ?" ಎಂದು ಕೇಳಿದ್ದೆ.

"ನಂಬಾಕ ಏನೈತಿ ಶೈಲಾ, ನಮ್ಮಪ್ಪ ಇದರ ಮ್ಯಾಲೆ ಐದು ಮಕ್ಕಳನ್ನ ಬೆಳಸ್ಯಾನ. ನನಗೊಬ್ಬಾಕಿ ಮಗಳು."

"ಲೆಕ್ಕಗಿಕ್ಕ ಬರೆದಿಡ್ತಿದೀಯಾ?"

"ಎಲ್ಲಾ ತಲ್ಯಾಗೈತಿ. ಯಾವ ಮಷಿನ್ ಯಾರ ಮನ್ಯಾಗ ಕುಂತೈತಿ ಕೇಳು, ಹೇಳ್ತೀನಿ."

ನಿಜಕ್ಕೂ ಹೇಳುತ್ತಿದ್ದ. ಹತ್ತಿರದ ಲಿಂಕನ್ ಊರಿನ ಟೀಚರಮ್ಮನ ಮನೆಯಲ್ಲಿ ಪೆಡಲಿನದು, ರಂಗಿಯೋರಾದ ತಾಯಿ ಮಗಳಿಗೆ ಎರಡು ಕೈಮಷಿನ್ ಅಂತ. ಪ್ರತಿ ಮಷಿನ್ ಮಾರುವಾಗಲೂ ಒಂದು ಬಟ್ಟೆಯ ಪಟ್ಟಿಯ ಮೇಲೆ ಹೊಲಿಗೆ ಹಾಕಿ, ಅದನ್ನು ಸೂಜಿಯ ಕೆಳಗೇ ಸಿಕ್ಕಿಸಿ ಕೊಡುತ್ತಿದ್ದ. ಕೊಂಡವರು ಹೊಲಿಗೆಯ ಹದ ನೋಡಿಕೊಳ್ಳಲಿ ಅಂತ. ಮುಬೀನಾಳ ಹಳೇ ಹಸಿರು ದುಪಟ್ಟಾ ಒಂದು ಇಡೀ ಹೀಗೆಯೇ ಖರ್ಚಾಗಿತ್ತು.

ಅವನು ಪೂರ್ತಿ ಒಂದು ವರ್ಷ ದುಡಿದ. ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಊಟಕ್ಕೆ ಕರೆಯುವವರೆಗೆ ಬರುತ್ತಿರಲಿಲ್ಲ. ಬೆರಳಿನ ಸಂದಿನಲ್ಲಿ ಯಾವಾಗಲೂ ಕರಿ.

ಮರುವರ್ಷದ ಜೂನ್ ತಿಂಗಳು, ಇಲ್ಲಿನ ಚಳಿಗಾಲ. ಆ ವಾರ ಪೂರ್ತಿ ಹಿಮಗಾಳಿ ಬೀಸಿ ನಿಂತಿತ್ತು. ಆಕಾಶ ಶುಭ್ರ, ಕೆಳಗೆ ಮಂಜುಗಟ್ಟಿದ ನೆಲ. ದಕ್ಷಿಣಕ್ಕೆ ಆ್ಯಶ್‌ಬರ್ಟನ್‌ನಿಂದ ಆಚೆ ಒಂದು ಹೊಲಮನೆಯಲ್ಲಿ ಎರಡು ಮಷಿನ್ ಇವೆಯೆಂದು ರಫೀಕ್ ಬೆಳಿಗ್ಗೆ ಯೂಟ್ ಎನ್ನುವ ತನ್ನ ಪಿಕಪ್ ಗಾಡಿ ತೆಗೆದುಕೊಂಡು ಹೋದ. ಬಿಸಿಲು ತಾಗದ ಒಂದು ತಿರುವಿನಲ್ಲಿ ಕಣ್ಣಿಗೆ ಕಾಣದ ಮಂಜಿನ ಮೇಲೆ ಗಾಡಿ ಜಾರಿತು. ಗಾಳಿ ತಡೆಯಲೆಂದು ಹೊಲದಂಚಿಗೆ ಬೆಳೆಸಿದ ಮರಗಳ ಸಾಲಿಗೆ ಹೋಗಿ ಬಡಿಯಿತು. ಪೊಲೀಸರು ಮುಬೀನಾಳ ಬಾಗಿಲಿಗೆ ಬಂದರು. ಅವಳು ಅವರನ್ನು ಕೂರಿಸಿ ನನಗೆ ಫೋನ್ ಮಾಡಿದಳು. "ಅಕ್ಕಾ, ಇಬ್ರು ಬಂದಾರ. ಇಂಗ್ಲೀಷ್‌ನ್ಯಾಗ ಏನೋ ಹೇಳಾಕತ್ತಾರ. ನನಗ ಬರೋಬರಿ ತಿಳೀವಲ್ದು. ನೀವು ಸ್ವಲ್ಪ ಕೇಳ್ರಿ." ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು.

ಮಣ್ಣಿನ ದಿನ ಊರಿನ ಕನ್ನಡದವರೆಲ್ಲ ಬಂದಿದ್ದರು. ಮುಬೀನಾ ಇದ್ದತ್ ಹಿಡಿದಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವ ಶೋಕದ ಕಾಲ ಅದು. ಡಾಕ್ಟರಿಗೋ ಕಚೇರಿಗೋ ಬಿಟ್ಟರೆ ಅವಳು ಹೊಸಿಲು ದಾಟುತ್ತಿರಲಿಲ್ಲ. ಗದಗಿನಿಂದ ಅವಳ ಅಪ್ಪ ದಿನವೂ ಫೋನ್ ಮಾಡಿ "ಬಾ ಅವ್ವಾ, ಮನಿಗೆ ಬಾ" ಎನ್ನುತ್ತಿದ್ದರು. ಅವಳು ಹೂಂ ಅನ್ನುತ್ತಿರಲಿಲ್ಲ, ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ನಾನು ಕೆಲಸ ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಪೊಲೀಸರು ಮರಳಿಸಿ ಮೇಜಿನ ಮೇಲಿದ್ದ ರಫೀಕನ ಫೋನು ಕುಣಿಯಿತು. ಮುಬೀನಾ ತೆಗೆದು ನೋಡಿ ನನ್ನ ಕಡೆಗೆ ಹಿಡಿದಳು. ಅವನು ಮಾರಾಟಕ್ಕಿಟ್ಟ ಒಂದು ಕೈಮಷಿನ್ನಿನ ಕೆಳಗೆ ಯಾರೋ ಕೇಳಿದ್ದರು: ಇದು ಇನ್ನೂ ಇದೆಯೇ?

"ಏನಂತ ಬರೀಲ್ರಿ ಅಕ್ಕಾ?"

ನಾನು ಫೋನನ್ನು ಇಸಿದುಕೊಂಡು ಮೇಜಿನ ಮೇಲೆ ಬೋರಲು ಇಟ್ಟೆ. ಅಂಥ ಪ್ರಶ್ನೆಗಳು ಆ ವಾರ ಪೂರ್ತಿ ಬಂದವು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಿಗೇ ಬಂದಳು. ನಾವು ಒಳಗಿನಿಂದ ಏಳುವಷ್ಟರಲ್ಲಿ ಜೋಯಾ ಬಾಗಿಲು ತೆರೆದು, ಅಂಗಡಿಯವರ ಹಾಗೆ ಗಂಭೀರವಾಗಿ, "ಸಾರಿ, ವಿ ಆರ್ ಕ್ಲೋಸ್ಡ್" ಅಂದು ಮುಚ್ಚಿದಳು. ಅವಳಿಗೆ ಆಗ ಐದು ವರ್ಷ. ಆ ದಿನವೇ ಮುಬೀನಾ ನನ್ನ ಕೈಯಿಂದ ಎಲ್ಲ ಜಾಹೀರಾತುಗಳನ್ನೂ ತೆಗೆಸಿದಳು.

ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ವಾರವಾರ ಪರಿಹಾರ ಕೊಡುವ ವ್ಯವಸ್ಥೆ ಈ ದೇಶದಲ್ಲಿದೆ. ಆ ಕಚೇರಿಯಿಂದ ಮಾತಾಡಿದವಳು ಒಳ್ಳೆಯ ಹೆಂಗಸು. ಅವಸರ ಮಾಡದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೆಂಡತಿಗೂ ಮಗುವಿಗೂ ಪರಿಹಾರ ಉಂಟು. ಎಷ್ಟು ಎಂಬುದು ಅವನ ಗಳಿಕೆಯ ಮೇಲೆ. ಸ್ವಂತ ದಂಧೆಯವರ ಗಳಿಕೆ ಎಂದರೆ ತೆರಿಗೆಯವರಿಗೆ ತೋರಿಸಿದ ಗಳಿಕೆ. ಮಾರ್ಚಿಗೆ ಮುಗಿದ ವರ್ಷದ ರಿಟರ್ನ್ ಇನ್ನೂ ಹೋಗಿಲ್ಲವಲ್ಲ, ಅವನ ಪರವಾಗಿ ನೀವು ಸಲ್ಲಿಸಿ, ಪುರಾವೆಗಳನ್ನು ಜೊತೆಗಿಡಿ, ಆಮೇಲೆ ನೋಡುತ್ತೇವೆ ಎಂದಳು.

ರಿಕರ್ಟನ್‌ನಲ್ಲಿ ಜೋನ್ ಎಂಬ ಅಕೌಂಟೆಂಟ್ ಇದ್ದಳು. ವಯಸ್ಸಾದ, ಕಡಿಮೆ ಮಾತಿನ ಹೆಂಗಸು. ಮುಬೀನಾ ಇದ್ದತ್‌ನಲ್ಲಿದ್ದಾಳೆಂದು ತಿಳಿಸಿದಾಗ ತಾನೇ ಲ್ಯಾಪ್‌ಟಾಪ್ ಹಿಡಿದು ಹಾರ್ನ್‌ಬಿಗೆ ಬಂದಳು. ನಾವು ಮನೆಯಲ್ಲಿದ್ದ ರಸೀದಿಗಳನ್ನೆಲ್ಲ, ಬ್ಯಾಂಕಿನ ಹಾಳೆಗಳನ್ನೆಲ್ಲ ಅವಳ ಮುಂದಿಟ್ಟೆವು. ಎರಡು ವಾರ ಬಿಟ್ಟು ಅವಳು ಮತ್ತೆ ಬಂದಾಗ ಚಹಾ ಮುಟ್ಟಲಿಲ್ಲ.

ರಫೀಕ್ ಖರ್ಚು ಮಾಡಿದ್ದೆಲ್ಲ ಕಾರ್ಡಿನಲ್ಲಿ. ಹಳೇ ಮಷಿನ್ ಕೊಂಡದ್ದು, ಬೆಲ್ಟು, ಬಾಬಿನ್, ಪೆಟ್ರೋಲು, ಯೂಟಿನ ರಿಪೇರಿ, ಎಲ್ಲವೂ ಬ್ಯಾಂಕಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕೊರಿಯರ್‌ನಲ್ಲಿ ಕಳಿಸಿದ ಮಷಿನ್‌ಗಳ ದುಡ್ಡು ಆನ್‌ಲೈನ್ ಮಾರುಕಟ್ಟೆಯ ಮೂಲಕವೇ ಬರುತ್ತಿತ್ತು. ಅದರ ವಿವರವನ್ನು ಮಾರುಕಟ್ಟೆಯವರೇ ತೆರಿಗೆ ಇಲಾಖೆಗೂ ಕೊಡುತ್ತಾರೆ. ಆದರೆ ಕಬ್ಬಿಣದ ಮಷಿನ್ ಎಷ್ಟು ಭಾರ. ಬಹಳ ಜನ ಕಾರು ತಂದು ಗ್ಯಾರೇಜಿನಿಂದಲೇ ಒಯ್ಯುತ್ತಿದ್ದರು, ಇಲ್ಲವೇ ಅವನೇ ಯೂಟಿನಲ್ಲಿ ಮುಟ್ಟಿಸುತ್ತಿದ್ದ. ಅವರೆಲ್ಲ ನೋಟು ಕೊಟ್ಟಿದ್ದರು. ಆ ನೋಟು ಬ್ಯಾಂಕಿಗೆ ಹೋಗಿರಲಿಲ್ಲ. ಅಕ್ಕಿ, ಮೀನು, ಜೋಯಾಳ ಬೂಟು, ಮನೆ ಬಾಡಿಗೆಯ ಒಂದು ಪಾಲು, ಹೀಗೆ ಮುಗಿದಿತ್ತು. ಅದಕ್ಕೆ ಎಲ್ಲಿಯೂ ಒಂದು ಸಾಲು ಬರಹ ಇರಲಿಲ್ಲ.

"ಇಲ್ಲಿ ಸಿಗುವ ಕಾಗದದ ಪ್ರಕಾರ," ಎಂದು ಜೋನ್ ನಿಧಾನವಾಗಿ ಹೇಳಿದಳು, "ನಿಮ್ಮ ಗಂಡ ಆ ವರ್ಷ ಏನೂ ಗಳಿಸಿಲ್ಲ. ಸ್ವಲ್ಪ ನಷ್ಟವೇ ಮಾಡಿಕೊಂಡಿದ್ದಾರೆ."

ಮುಬೀನಾಗೆ ಅರ್ಥವಾಯಿತು. ಆದರೂ ನನ್ನ ಕಡೆ ತಿರುಗಿದಳು. "ಅಕ್ಕಾ, ಇವರಿಗೆ ಹೇಳ್ರಿ. ವರ್ಷ ಪೂರ್ತಿ ಅಂವಾ ಕುಂತಿಲ್ರಿ. ಬೆನ್ನು ಹಿಡಕೊಂಡು ಗ್ಯಾರೇಜಿನ್ಯಾಗ ನಿಂತಾನ. ಹೋದ ರಮಜಾನ್‌ದಾಗ ಉಪವಾಸ ಹಿಡದು ಆ ದೊಡ್ಡ ಮಷಿನ್ ಒಬ್ಬನಽ ಎತ್ಯಾನ. ಏನೂ ಗಳಿಸಿಲ್ಲಂದ್ರ ನಾವೇನ್ ಮಣ್ಣು ತಿಂದ್ವೇನ್ರಿ?"

ನಾನು ಅದನ್ನು ಇಂಗ್ಲಿಷಿಗೆ ತರಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಜೋನ್ ತಲೆ ತಗ್ಗಿಸಿದ್ದಳು. "ಅವರು ದುಡಿದಿದ್ದಾರೆ ಅಂತ ನನಗೆ ಗೊತ್ತು," ಎಂದಳು. "ಅವರ ಎಣ್ಣೆ ಬೆರಳಿನ ಗುರುತು ಈ ಬಾಗಿಲ ಚೌಕಟ್ಟಿನ ಮೇಲೆಲ್ಲ ಇದೆ. ಆದರೆ ತೋರಿಸಲಾಗದ್ದನ್ನು ನಾನು ಬರೆಯಲಾರೆ. ಕೊಂಡವರು ಬಾಯಿಬಿಟ್ಟು ಹೇಳಿದರೆ, ಬರೆದುಕೊಟ್ಟರೆ ಬೇರೆ ಮಾತು. ಇನ್ನೊಂದು ತಿಳಿದಿರಲಿ, ಹೆಚ್ಚು ತೋರಿಸಿದಷ್ಟೂ ತೆರಿಗೆ ಹೆಚ್ಚು."

"ಕೊಡೂಣ್ರಿ," ಎಂದಳು ಮುಬೀನಾ. "ದುಡದದ್ದಕ್ಕ ತೆರಿಗಿ ಕೊಟ್ರ ಏನ್ ತಪ್ಪು?"

ವಿಷಯ ನಮ್ಮ ಜನರ ನಡುವೆ ಹರಡಿತು. ಪ್ರಸಾದ್ ಅಂಕಲ್ ಎಂದು ಎಲ್ಲರೂ ಕರೆಯುವ, ಬೆಂಗಳೂರಿನ ಒಬ್ಬರು ಸಾಫ್ಟ್‌ವೇರ್ ಕೆಲಸದವರು ಒಂದು ಶನಿವಾರ ಬಿಸಿಬೇಳೆಬಾತಿನ ಡಬ್ಬಿಯೊಂದಿಗೆ ಬಂದರು. ಕೆಟ್ಟವರಲ್ಲ. ಮಣ್ಣಿನ ಖರ್ಚಿಗೆ ಚಂದಾ ಎತ್ತಿದವರೇ ಅವರು. ಕೂತು, ಗಂಟಲು ಸರಿಮಾಡಿಕೊಂಡು ಹೇಳಿದರು:

"ನೋಡಮ್ಮಾ ಮುಬೀನಾ, ಇದಕ್ಕೆಲ್ಲಾ ಇಷ್ಟೊಂದು ತಲೆ ಕೆಡಿಸ್ಕೋಬೇಡ. ಒಂದು ರಸೀದಿ ಬುಕ್ ತರೋಣ, ವರ್ಷದ್ದು ಪೂರ್ತಿ ನಾನೇ ಕೂತು ಬರ್ಕೊಡ್ತೀನಿ. ಪೆನ್ನುಗಳನ್ನ ಬದಲಾಯಿಸಿ ಬರೆದ್ರಾಯ್ತು. ಟ್ಯಾಕ್ಸ್ ಜಾಸ್ತಿ ಕಟ್ಟೋಕೆ ಯಾರಾದ್ರೂ ಸುಳ್ಳು ಹೇಳ್ತಾರಾ? ಯಾರೂ ಚೆಕ್ ಮಾಡಲ್ಲ. ಮಗು ಮುಖ ನೋಡು."

ನನಗೆ ಅದು ಸರಿಯೆನಿಸಿತ್ತು. ಅವನು ಮಾರಿದ್ದಂತೂ ನಿಜ, ನೋಟು ಬಂದದ್ದೂ ನಿಜ. ಬರೆಯದೇ ಉಳಿದದ್ದನ್ನು ಈಗ ಬರೆದರೆ ಯಾರ ಗಂಟು ಹೋಗುತ್ತದೆ? ಮುಬೀನಾಳ ಮುಖ ನೋಡಿದೆ. ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿಯಾಗಿ ಮುಚ್ಚಿದಳು.

"ಅಂಕಲ್, ನೀವು ನಮ್ಮ ಚಲೋಕ್ಕ ಹೇಳಾಕತ್ತೀರಿ, ಗೊತ್ತೈತ್ರಿ. ಆದ್ರ ನಾಳೆ ಯಾರರ ಬಂದು, ಇದು ಸುಳ್ಳು, ಈ ಮನಶ್ಯಾ ಮೋಸಗಾರ ಅಂತಂದ್ರ, ಅಲ್ಲ ಅನ್ನಾಕ ಅಂವಾ ಇಲ್ಲಲ್ರಿ. ಇದ್ದಿದ್ರ ತಾನಽ ಜಗಳಾಡ್ತಿದ್ದ. ಈಗ ಅವನ ಹೆಸರಿನ್ಯಾಗ ನಾವು ಏನ್ ಬರದ್ರೂ ಅಂವಾ ಸುಮ್ನ ಹೊತ್ಕೊಂಡು ಮಲಗಬೇಕು."

ಪ್ರಸಾದ್ ಅಂಕಲ್ ಮತ್ತೆ ಆ ಮಾತೆತ್ತಲಿಲ್ಲ.

ಹೀಗೆ ಕೊಂಡವರನ್ನು ಹುಡುಕುವ ಕೆಲಸ ಶುರುವಾಯಿತು. ರಫೀಕನ ಫೋನಿನಲ್ಲಿ ಹಳೇ ಮಾತುಕತೆಗಳು ಉಳಿದಿದ್ದವು. ಯಾವಾಗ ಬರಲಿ, ನಗದು ಆಗಬಹುದೇ, ಮನೆ ಎಲ್ಲಿ, ಇಷ್ಟೇ. ಮುಬೀನಾ ಅಡುಗೆಮನೆಯ ಮೇಜಿಗೆ ಕೂತು ಒಬ್ಬೊಬ್ಬರಿಗೂ ಬರೆಯುತ್ತಿದ್ದಳು. ನನ್ನ ಗಂಡ ತೀರಿಕೊಂಡರು, ನೀವು ಅವರಿಂದ ಮಷಿನ್ ಕೊಂಡದ್ದು ನಿಜವಾದರೆ ಬರೆದುಕೊಡುವಿರಾ ಎಂದು. ಒಂದೇ ಒಕ್ಕಣೆಯನ್ನು ಎಲ್ಲರಿಗೂ ಕಳಿಸು ಎಂದರೆ ಒಪ್ಪಲಿಲ್ಲ. ಪ್ರತಿಯೊಬ್ಬರಿಗೂ ಬೇರೆಯಾಗಿ, ಅವರು ಕೊಂಡ ಮಷಿನ್ನಿನ ಹೆಸರು ಹಿಡಿದು ಬರೆದಳು. ಉತ್ತರ ಕೊಟ್ಟವರ ಮನೆಗೆ ವಾರಾಂತ್ಯದಲ್ಲಿ ನಾನು ಹೋಗುತ್ತಿದ್ದೆ.

ಆ ಜುಲೈ, ಆಗಸ್ಟ್ ನನಗೆ ಊರ ಸುತ್ತಲಿನ ಕ್ಯಾಂಟರ್ಬರಿ ಬಯಲಿನ ರಸ್ತೆಗಳಾಗಿಯೇ ನೆನಪಿದೆ. ಕಾರಿನ ಗಾಜಿನ ಮೇಲೆ ಬೆಳಿಗ್ಗೆ ಕೆರೆದರೂ ಹೋಗದ ಮಂಜು, ಹೊಗೆಯಾಡುವ ಕೊಟ್ಟಿಗೆಗಳು, ಹೊಲದಲ್ಲಿ ಕಾಲು ಹೂತುಕೊಂಡು ನಿಂತ ಹಸುಗಳು. ಲಿಂಕನ್‌ನ ಟೀಚರಮ್ಮ ನನ್ನನ್ನು ಒಳಗೆ ಕೂರಿಸಿ ಪೆಡಲ್ ಮಷಿನ್ ತೋರಿಸಿದಳು. ಹೊಲಿಗೆ ಸಡಿಲವಾಗುತ್ತಿದೆ ಎಂದು ಫೋನ್ ಮಾಡಿದ್ದಕ್ಕೆ ರಫೀಕ್ ಎರಡು ಸಲ ಬಂದು ಕಾಸು ತೆಗೆದುಕೊಳ್ಳದೆ ಸರಿಮಾಡಿ ಹೋಗಿದ್ದನಂತೆ. ಕೊಟ್ಟ ನೋಟು, ಒಯ್ದ ತಿಂಗಳು ಎಲ್ಲವನ್ನೂ ಶಾಲೆಯ ಅಕ್ಷರದಲ್ಲಿ ಬರೆದುಕೊಟ್ಟು, ಕೊನೆಗೆ "ಬಹಳ ಸಭ್ಯ ಮನುಷ್ಯ" ಎಂದು ಸೇರಿಸಿದಳು. ರಂಗಿಯೋರಾದ ತಾಯಿ ಮಗಳೂ ಬರೆದುಕೊಟ್ಟರು.

ಎಲ್ಲರೂ ಹಾಗಿರಲಿಲ್ಲ. ರೋಲ್‌ಸ್ಟನ್‌ನ ಒಬ್ಬ ಗಂಡಸು ಅರ್ಧ ತೆರೆದ ಬಾಗಿಲಿನಿಂದಲೇ, ತೆರಿಗೆಯವರ ಹತ್ತಿರ ನನ್ನ ಹೆಸರು ಯಾಕೆ ಹೋಗಬೇಕು ಎಂದ. ಕೊಂಡವನಿಗೆ ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಇನ್ನೊಬ್ಬಳು ಮಷಿನ್ ಕೆಟ್ಟಿದೆ, ಮೊದಲು ನನ್ನ ಹಣ ವಾಪಸು ಕೊಡಿ, ಆಮೇಲೆ ಬರೆಯುತ್ತೇನೆ ಎಂದಳು. ಬಹಳ ಜನರಿಂದ ಉತ್ತರವೇ ಬರಲಿಲ್ಲ. ಸತ್ತವನ ಫೋನಿನಿಂದ ಬಂದ ಮಾತು ಮೋಸದ್ದಿರಬೇಕು ಎಂದುಕೊಂಡರೋ ಏನೋ. ಒಬ್ಬರು ಮಾತ್ರ ಹಾಗೆಂದು ನೇರವಾಗಿಯೇ ಬರೆದು ಬ್ಲಾಕ್ ಮಾಡಿದರು. ಮುಬೀನಾ ಆ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಮೋಸ ಮಾಡಾಕ ಇಷ್ಟ್ ಕಷ್ಟ ಯಾರ್ ಪಡ್ತಾರ್ರಿ ಅಕ್ಕಾ?"

ಎಲ್ಲಕ್ಕಿಂತ ದೊಡ್ಡ ಗಿರಾಕಿ ಡನೀಡಿನ್‌ನಲ್ಲಿದ್ದ. ಹಳೇ ಸಾಮಾನಿನ ಅಂಗಡಿಯವನು. ಎರಡು ತಿಂಗಳಿಗೊಮ್ಮೆ ರಫೀಕ್ ಯೂಟ್ ತುಂಬ ಮಷಿನ್ ಹೇರಿಕೊಂಡು ಅವನಲ್ಲಿಗೆ ಹೋಗಿ ಬರುತ್ತಿದ್ದ. ಮಾತೆಲ್ಲ ಫೋನಿನಲ್ಲೇ. ಬರಹದಲ್ಲಿ ಇದ್ದದ್ದು "ಎಂದಿನಂತೆ ತಾ" ಎಂಬ ಒಂದೆರಡು ಸಾಲು. ಅವನೊಬ್ಬ ಹೌದೆಂದರೆ ಉಳಿದವರೆಲ್ಲ ಬೇಡವಾಗುತ್ತಿದ್ದರು. ಮುಬೀನಾ ಬರೆದ ಮಾತಿಗೆ ಅವನು ಉತ್ತರಿಸಲಿಲ್ಲ, ಫೋನ್ ಎತ್ತಲಿಲ್ಲ. ಕೊನೆಗೆ ನಾನೇ ರಜೆ ಹಾಕಿ ಹೊರಟೆ.

ಹೋಗುವ ದಾರಿಯಲ್ಲೇ ರಫೀಕನ ಗಾಡಿ ಜಾರಿದ ಆ ತಿರುವು. ಗಾಡಿ ನಿಲ್ಲಿಸಬಾರದು ಅಂದುಕೊಂಡಿದ್ದೆ, ನಿಲ್ಲಿಸಿದೆ. ಒಂದು ಮರದ ತೊಗಟೆ ಸುಲಿದು ಬೆಳ್ಳಗೆ ಕಾಣುತ್ತಿತ್ತು. ಬೇಲಿಗೆ ಹೊಸ ತಂತಿ ಬಿಗಿದಿದ್ದರು. ಅಷ್ಟೇ. ಹಾಲಿನ ಟ್ಯಾಂಕರೊಂದು ಪಕ್ಕದಲ್ಲಿ ಹಾದುಹೋದಾಗ ಕಾರು ಅಲುಗಿತು. ಮತ್ತೆ ಹೊರಟೆ.

ಡನೀಡಿನ್‌ನಲ್ಲಿ ಆಲಿಕಲ್ಲಿನ ಜೊತೆ ಮಳೆ. ನಾವು ಓದುತ್ತಿದ್ದಾಗ ನಡೆದಾಡಿದ ಬೀದಿಗಳೇ. ಅಂಗಡಿ ದಕ್ಷಿಣದ ಕಡೆ, ಟೈರಿನ ಅಂಗಡಿಯ ಪಕ್ಕದಲ್ಲಿತ್ತು. ಗಾಜಿನ ಕಿಟಕಿಯಲ್ಲೇ ಮೂರು ಮಷಿನ್ ಇಟ್ಟಿದ್ದ. ಹೊಳೆಯುವ ಚಕ್ರ, ಕರಿ ಮೈಮೇಲೆ ಚಿನ್ನದ ಬಳ್ಳಿ. ಒಂದರ ಸೂಜಿಯ ಕೆಳಗೆ ಹಸಿರು ದುಪಟ್ಟಾದ ಪಟ್ಟಿ ಇನ್ನೂ ಹಾಗೇ ಇತ್ತು. ಅದರ ಮೇಲೆ ಬಿಳಿ ದಾರದ ನೇರ ಹೊಲಿಗೆ.

ಒಳಗೆ ಅರವತ್ತರ ಆಸುಪಾಸಿನ ಮನುಷ್ಯ, ಉಣ್ಣೆಯ ಟೋಪಿ ಹಾಕಿಕೊಂಡು ಕುರ್ಚಿಯ ಕಾಲಿಗೆ ಗೋಂದು ಹಚ್ಚುತ್ತಿದ್ದ. ನಾನು ರಫೀಕನ ಹೆಸರು ಹೇಳಿದೆ. ಅವನ ಕೈ ನಿಂತಿತು, ಆಮೇಲೆ ಮತ್ತೆ ಗೋಂದು ಹಚ್ಚಿತು.

"ಆ ಹೆಸರಿನವರು ನನಗೆ ಗೊತ್ತಿಲ್ಲ."

"ಕಿಟಕಿಯಲ್ಲಿರುವ ಮಷಿನ್‌ಗಳು ಅವನವು. ಆ ಬಟ್ಟೆ ಅವನ ಹೆಂಡತಿಯದು."

"ನಾನು ಯಾರ್ಯಾರಿಂದಲೋ ಕೊಳ್ಳುತ್ತೇನೆ. ಹೆಸರು ಕೇಳುವುದಿಲ್ಲ."

ಜೂನ್‌ನಲ್ಲಿ ಅಪಘಾತವಾಯಿತು, ಪುಟ್ಟ ಮಗಳಿದ್ದಾಳೆ, ನೀವು ಕೊಟ್ಟ ಹಣ ವಾಪಸು ಕೇಳಲು ಬಂದಿಲ್ಲ, ಕೊಟ್ಟೆ ಎಂದು ಒಂದು ಮಾತು ಬರೆದರೆ ಸಾಕು ಎಂದೆ. ಅಪಘಾತ ಎಂದಾಗ ಅವನು ತಲೆಯೆತ್ತಿದ. ಆ ಸುದ್ದಿ ಅವನಿಗೆ ತಿಳಿದಿರಲಿಲ್ಲ, ಮುಖದಲ್ಲೇ ಗೊತ್ತಾಯಿತು. ಬಾಯಿ ತೆರೆದ. ಏನೋ ಹೇಳುತ್ತಾನೆಂದು ನಾನು ಕಾದೆ. ಅಷ್ಟರಲ್ಲಿ ಅವನ ಕಣ್ಣು ಅಂಗಡಿಯ ಸುತ್ತ ಒಂದು ಸಲ ಓಡಿ ಬಂತು. ನೋಟು ಕೊಟ್ಟು ಕೊಂಡು, ನೋಟಿಗೆ ಮಾರಿ, ಅವನೂ ಎಲ್ಲಿಯೂ ಬರೆಯದೇ ಬದುಕಿದ ಅಂಗಡಿ ಅದು. ರಫೀಕನ ಬಗ್ಗೆ ಒಂದು ಸಾಲು ಬರೆದರೆ ತನ್ನ ಬಗ್ಗೆ ಎಷ್ಟು ಸಾಲು ಬರೆದುಕೊಡಬೇಕಾಗುತ್ತದೋ ಎಂದು ಅಳೆಯುತ್ತಿದ್ದ.

"ನನಗೆ ವಿಷಾದವಾಗುತ್ತದೆ," ಎಂದ. "ಆದರೆ ನನಗೆ ಅವರು ಗೊತ್ತಿಲ್ಲ."

ಮಳೆಯಲ್ಲಿ ಬಂದು ಕಾರಿನಲ್ಲಿ ಕೂತು ಮುಬೀನಾಗೆ ಫೋನ್ ಮಾಡಿದೆ. ಕಿಟಕಿಯ ಫೋಟೋ ತೆಗೆದಿದ್ದೇನೆ, ಇವನ ಮೇಲೆ ತೆರಿಗೆಯವರಿಗೆ ದೂರು ಕೊಡೋಣ, ಬಿಡಬಾರದು ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಮಷಿನ್ ಚಂದ ಇಟ್ಟಾನೇನ್ರಿ?"

"ಏನು?"

"ಧೂಳ ಹಿಡಸ್ಯಾನೋ, ಒರಸಿ ಇಟ್ಟಾನೋ?"

"ಒರೆಸಿಯೇ ಇಟ್ಟಿದ್ದಾನೆ ಮುಬೀನಾ."

ಅವಳು ಅಳುತ್ತಿದ್ದಾಳೆಂದು ಗೊತ್ತಾಯಿತು. ಪೊಲೀಸರು ಬಂದ ದಿನದಿಂದ ಅಂದಿನವರೆಗೆ ನನ್ನೆದುರು ಅವಳು ಅತ್ತಿರಲಿಲ್ಲ. ನಾನು ಫೋನ್ ಹಿಡಿದುಕೊಂಡೇ ಇದ್ದೆ. ಗಾಜಿನ ಮೇಲೆ ಆಲಿಕಲ್ಲು ಬಡಿಯುತ್ತಿತ್ತು. ದೂರು ನಾವು ಕೊಡಲಿಲ್ಲ. ಕೊಟ್ಟಿದ್ದರೂ ತನಿಖೆ ಮುಗಿಯುವಷ್ಟು ಕಾಲ ಕಾಯಲು ಅವಳ ಹತ್ತಿರ ಬಾಡಿಗೆಗೆ ದುಡ್ಡಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಜೋನ್ ರಿಟರ್ನ್ ಸಲ್ಲಿಸಿದಳು. ಬರೆದುಕೊಟ್ಟವರ ಚೀಟಿಗಳನ್ನೂ ಫೋನಿನ ಮಾತುಕತೆಗಳನ್ನೂ ಜೋಡಿಸಿ, ಆಧಾರ ಸಿಕ್ಕಷ್ಟನ್ನೇ ಸೇರಿಸಿದಳು. ಇದೆಲ್ಲವನ್ನೂ ಏಳು ವರ್ಷ ಜೋಪಾನವಾಗಿಡಬೇಕು, ಅದು ಕಾನೂನು ಎಂದು ಹೇಳಿ ಒಂದು ಪೆಟ್ಟಿಗೆಯನ್ನೂ ತಾನೇ ತಂದುಕೊಟ್ಟಳು. ಮುಬೀನಾ ಸಹಿ ಮಾಡುವ ಮೊದಲು ಒಂದೊಂದೇ ಹಾಳೆ ಓದಿದಳು. ಅವಳ ಬೆರಳು ಒಂದು ಕಡೆ ನಿಂತಿತು. ನಷ್ಟ ಎಂದಿದ್ದ ಜಾಗದಲ್ಲಿ ಈಗ ಲಾಭ ಎಂದಿತ್ತು. ಗೋದಾಮಿನ ಸಂಬಳದ ಅರ್ಧಕ್ಕೂ ಬಾರದ ಲಾಭ.

"ಇದು ಅವನ ವರ್ಷ ಅಲ್ರಿ," ಎಂದಳು. "ಅವನ ಅರ್ಧಾ ವರ್ಷ."

ಪರಿಹಾರದ ಕಚೇರಿಯವರು ಅದನ್ನು ಒಪ್ಪಿದರು. ಅವರು ತಕರಾರು ಮಾಡಲಿಲ್ಲ, ತಡಮಾಡಲಿಲ್ಲ. ತೋರಿಸಿದ ಗಳಿಕೆಗೆ ತಕ್ಕ ಪರಿಹಾರ ವಾರವಾರ ಬರತೊಡಗಿತು. ಆ ಮನೆಯ ಬಾಡಿಗೆಗೆ ಅದು ಸಾಲಲಿಲ್ಲ. ಪ್ರತಿ ವಾರ ಆ ಮೊತ್ತ ಬಂದಾಗಲೆಲ್ಲ, ಬರೆದುಕೊಡದೆ ಬಾಗಿಲು ಮುಚ್ಚಿದವರ ಮುಖಗಳು ನನ್ನ ಕಣ್ಣ ಮುಂದೆ ಬರುತ್ತಿದ್ದವು. ಮುಬೀನಾ ಅವರ ಮಾತೆತ್ತುತ್ತಿರಲಿಲ್ಲ. ರಫೀಕನ ಮೇಲೆ ಮಾತ್ರ ಒಂದು ಸಲ ಸಿಟ್ಟು ಮಾಡಿದಳು. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ, "ತಲ್ಯಾಗೈತಿ ಅಂತಿದ್ದ ನೋಡ್ರಿ ಅಕ್ಕಾ. ತಲಿ ಯಾರಿಗೆ ಕೊಟ್ಟು ಹೋದ?" ಎಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಏನೋ ಪ್ರಾರ್ಥನೆ ಗೊಣಗಿದಳು.

ಅಕ್ಟೋಬರಿನಲ್ಲಿ ಇದ್ದತ್ ಮುಗಿಯಿತು. ಅಪ್ಪನಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಜೋಯಾ ಹುಟ್ಟಿದ್ದು ಇಲ್ಲಿ, ಅವಳಪ್ಪ ಮಣ್ಣಾದದ್ದು ಇಲ್ಲಿ ಎಂದಳು. ಹಾರ್ನ್‌ಬಿಯಲ್ಲೇ ಒಂದು ಕೋಣೆಯ ಚಿಕ್ಕ ಮನೆ ಹಿಡಿದಳು. ರಫೀಕ್ ಮೊದಲು ಕೆಲಸ ಮಾಡುತ್ತಿದ್ದ ಅದೇ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಗಿನ ಪಾಳಿ. ಜೋಯಾಳನ್ನು ಶಾಲೆಗೆ ಬಿಡುವುದು ನನ್ನ ಪಾಲಿಗೆ ಬಂತು. ಕಾರಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅಪ್ಪನನ್ನು ಕರೆಯುತ್ತಿದ್ದ ಅಬ್ಬಾ ಎಂಬ ಒಂದು ಶಬ್ದ ಮಾತ್ರ ಬಿಟ್ಟಿರಲಿಲ್ಲ.

ರಿಪೇರಿಯಾಗಿ ಸಿದ್ಧವಿದ್ದ ನಾಲ್ಕು ಮಷಿನ್ ಉಳಿದಿದ್ದವು. ಚಿಕ್ಕ ಮನೆಯಲ್ಲಿ ಅವಕ್ಕೆ ಜಾಗವಿಲ್ಲ. ಮುಬೀನಾ ತನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದು ಅವುಗಳನ್ನು ಮಾರಾಟಕ್ಕಿಟ್ಟಳು. ಪ್ರತಿಯೊಂದರ ಕೆಳಗೂ ಬರೆದಳು: ಹಣ ಬ್ಯಾಂಕಿಗೆ ಮಾತ್ರ, ರಸೀದಿ ಕೊಡಲಾಗುವುದು.

ಮೊದಲ ಗಿರಾಕಿ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ನಾರ್‌ವೆಸ್ಟರ್ ಎನ್ನುವ ವಾಯವ್ಯದ ಬಿಸಿಗಾಳಿ ಬೀಸಿ ಊರೆಲ್ಲ ಧೂಳು. ನಾನು ಅಲ್ಲೇ ಇದ್ದೆ. ನಗುಮುಖದ, ದೊಡ್ಡ ದೇಹದ ಮನುಷ್ಯ, ಹೆಂಡತಿಯ ಹುಟ್ಟುಹ‌ಬ್ಬಕ್ಕೆ ಉಡುಗೊರೆ ಹುಡುಕಿಕೊಂಡು ಬಂದಿದ್ದ. ಪೆಡಲ್ ಮಷಿನ್ನನ್ನು ಹೊರಗೆ ತಂದಿಟ್ಟಿದ್ದೆವು. ಅವನು ಚಕ್ರ ತಿರುಗಿಸಿ ನೋಡಿ ಮೆಚ್ಚಿದ. ಬೆಲೆಗೆ ಚೌಕಾಸಿಯನ್ನೂ ಮಾಡಲಿಲ್ಲ. ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಮುಬೀನಾಳ ಮುಂದೆ ಹಿಡಿದ.

ಅವಳು ಕೈ ಚಾಚಲಿಲ್ಲ. ಬ್ಯಾಂಕಿಗೆ ಹಾಕಿ ಎಂದಳು. ಅವನು ನಕ್ಕು, ನಗದೇ ನಿಮಗೂ ಅನುಕೂಲ ಅಲ್ಲವೇ ಎಂದು ಕಣ್ಣು ಮಿಟುಕಿಸಿದ. ಹಾಗಾದರೆ ನಗದೇ ಕೊಡಿ, ನಿಮ್ಮ ಹೆಸರು ಬರೆದು ಇಲ್ಲಿ ಸಹಿ ಮಾಡಿ ಎಂದು ಅವಳು ರಸೀದಿ ಪುಸ್ತಕ ಮುಂದಿಟ್ಟಳು. ಅವನ ನಗು ಸ್ವಲ್ಪ ಕುಗ್ಗಿತು. ಒಂದು ಹಳೇ ಮಷಿನ್‌ಗೆ ಇಷ್ಟೊಂದು ತಾಪತ್ರಯವೇ ಎಂದ. ಹೌದು ಎಂದಳು. ಅವನು ನನ್ನ ಮುಖ ನೋಡಿದ. ನಾನು ಪೆನ್ನು ಮುಂದೆ ಹಿಡಿದೆ. ನೋಟುಗಳನ್ನು ಮತ್ತೆ ಜೇಬಿಗಿಟ್ಟುಕೊಂಡು, ಸೌಜನ್ಯದಿಂದಲೇ ತಲೆಯಾಡಿಸಿ, ಕಾರು ಹತ್ತಿ ಹೋದ.

ಆ ವಾರ ಅವಳಿಗೆ ಆ ಹಣ ಬೇಕಿತ್ತು. ನನಗೆ ಗೊತ್ತಿತ್ತು. ಗಾಳಿಗೆ ಧೂಳು ಮಷಿನ್ನಿನ ಮೈಮೇಲೆ ಕೂರತೊಡಗಿತ್ತು. ಮುಬೀನಾ ದುಪಟ್ಟಾದ ಸೆರಗಿನಿಂದ ಒರೆಸಿದಳು.

"ಹಿಡೀರಿ ಅಕ್ಕಾ, ಒಳಗ ಇಡೂಣು."

ನಾನು ಒಂದು ಕಡೆ, ಅವಳು ಒಂದು ಕಡೆ ಹಿಡಿದೆವು. ಭಾರವಿತ್ತು. ಹೊಸಿಲಲ್ಲಿ ಒಮ್ಮೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದೆವು.